ಅಪ್ಪನ ಮರೆವು, ಅಪ್ಪನ ವಸಡು

"ವಸಡು ಹಾಳಾಗಿದ್ದರಿಂದಲೇ ಅಪ್ಪನಿಗೆ ಮರೆವು ಬಂತಾ ಡಾಕ್ಟ್ರೇ?" ತಂದೆಯನ್ನು ಕುರ್ಚಿಯಲ್ಲಿ ಕೂರಿಸುತ್ತಲೇ ಮಗಳು ಕೇಳಿದರು.

ಮೊದಲು ಬಾಯಿ ನೋಡಬೇಕಿತ್ತು. ಮಿಲಿಮೀಟರ್ ಗುರುತುಗಳಿರುವ ಪ್ರೋಬ್ ಎಂಬ ತೆಳು ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಹಗುರವಾಗಿ ಇಳಿಸಿ, ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ ಅಳೆಯುತ್ತೇವೆ. 3 ಮಿ.ಮೀ. ಒಳಗಿದ್ದು ರಕ್ತ ಬರದಿದ್ದರೆ ಚಿಂತೆಯಿಲ್ಲ. ಇವರ ಮುಂದಿನ ಹಲ್ಲುಗಳು ಚೆನ್ನಾಗಿದ್ದವು. ದವಡೆ ಹಲ್ಲುಗಳ ಸಂದಿಯಲ್ಲಿ ಪ್ರೋಬ್ 7 ಮಿ.ಮೀ. ಇಳಿಯಿತು, ಹೊರತೆಗೆದ ಕೂಡಲೇ ರಕ್ತ ಜಿನುಗಿತು. ವಸಡಿನಡಿ ಗಾರೆ, ಅಂದರೆ ಹಲ್ಲಿಗೆ ಅಂಟಿ ಕಲ್ಲಾದ ಕೊಳೆ, ಕಪ್ಪಗೆ ಗಟ್ಟಿಯಾಗಿತ್ತು.

ಅಷ್ಟು ಆಳದ ಸಂದಿಯ ಒಳಗೋಡೆ ಹುಣ್ಣಾಗಿರುತ್ತದೆ. ಅಗಿಯುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ, ಉರಿಯೂತದ ಸಂದೇಶ ಹೊತ್ತ ಪ್ರೋಟೀನ್‌ಗಳು ಮೈಯೆಲ್ಲ ಹರಿದಾಡುತ್ತವೆ, ಯಕೃತ್ತು ಸಿಆರ್‌ಪಿ ಎಂಬ, ಉರಿಯೂತ ಸೂಚಿಸುವ ಪ್ರೋಟೀನನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾ ಕೆರಳಬಹುದು ಎಂಬುದು ಒಂದು ವಾದ. ವಸಡು ಕೆಡಿಸುವ ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾದ ಕಿಣ್ವಗಳು ಅಲ್ಜೈಮರ್ ಇದ್ದವರ ಮಿದುಳಿನಲ್ಲಿ ಸಿಕ್ಕವೆಂದು 2019ರಲ್ಲಿ ವರದಿಯಾಯಿತು. ಆದರೆ ಆ ಕಿಣ್ವ ತಡೆಯುವ ಔಷಧಿಯ ಪ್ರಯೋಗ 2021ರಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ.

ಹಾಗಾಗಿ ಮಗಳಿಗೆ ಕೊಟ್ಟ ಉತ್ತರ: ನಂಟಿದೆ, ಕಾರಣವೆಂದು ಸಾಬೀತಾಗಿಲ್ಲ. ಮರೆವು ಶುರುವಾದವರು ಹಲ್ಲುಜ್ಜುವುದನ್ನೇ ಬಿಡುವುದರಿಂದಲೂ ವಸಡು ಕೆಡುತ್ತದೆ. ಸಕ್ಕರೆ ಕಾಯಿಲೆ, ಧೂಮಪಾನಗಳು ವಸಡು, ನೆನಪು ಎರಡನ್ನೂ ಕೆಡಿಸುತ್ತವೆ. ಕ್ಲೀನಿಂಗ್‌ನಿಂದ ನೆನಪು ಮರಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೂ ಈ ಬಾಯಿಗೆ ಚಿಕಿತ್ಸೆ ಬೇಕೇ ಬೇಕು. ಮರೆವಿರುವವರು ಹೊಸ ಜಾಗದಲ್ಲಿ ಬೇಗ ಗಾಬರಿಯಾಗುತ್ತಾರೆ. ಅದಕ್ಕೇ ಬೆಳಗಿನ ಹೊತ್ತು, ಸ್ವಲ್ಪ ಸ್ವಲ್ಪವೇ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಸಲಕ್ಕೆ ಬಾಯಿಯ ಒಂದೇ ಬದಿ, ಬೇರಿನವರೆಗೆ ಗಾರೆ ಕೆರೆದು ತೆಗೆಯುವುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ನಿಜವಾದ ಕೆಲಸ ಮನೆಯದು. ಅವರ ಪಕ್ಕ ನಿಂತು, ಬ್ರಷ್ ಹಿಡಿದ ಅವರ ಕೈಮೇಲೆ ನಿಮ್ಮ ಕೈಯಿಟ್ಟು ಆರಂಭಿಸಿ. ಮೃದು ಎಳೆಗಳನ್ನು ವಸಡಿನಂಚಿಗೆ 45 ಡಿಗ್ರಿ ವಾಲಿಸಿ, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಹಲ್ಲು ಹಲ್ಲುಗಳ ನಡುವಿನ ಸಂದಿಗೆ ಚಿಕ್ಕ ಇಂಟರ್‌ಡೆಂಟಲ್ ಬ್ರಷ್, ಒತ್ತಿ ತುರುಕದೆ ಬಿಗಿಯಾಗಿ ಹೋಗುವ ಗಾತ್ರದ್ದು. ಮೊದಮೊದಲು ರಕ್ತ ಕಾಣುತ್ತದೆ, ಹೆದರಿ ಅಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ಉರಿಯೂತ ಇಳಿಯುವುದೇ ಇಲ್ಲ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಎರಡು ವಾರ ಸಾಕು, ಮೀರಿದರೆ ಹಲ್ಲಿಗೆ ಕಂದು ಕಲೆ, ನಾಲಗೆಗೆ ರುಚಿಗೇಡು.

ಎಂಟು ವಾರದ ಮೇಲೆ ಮತ್ತೆ ಅಳೆದಾಗ 7 ಇದ್ದ ಕಡೆ 4 ಬಂತು, ರಕ್ತವಿಲ್ಲ. ಬೇರು ಕವಲೊಡೆಯುವ ಒಂದು ಜಾಗ ಮಾತ್ರ 6ರಲ್ಲೇ ನಿಂತಿತ್ತು. ಅಲ್ಲಿ ಇನ್ನೊಮ್ಮೆ ಕೆರೆಯಬೇಕು, ಮುಂದೆ ಮೂರು ತಿಂಗಳಿಗೊಮ್ಮೆ ತಪಾಸಣೆ.