ಸೀನು ಬಂದರೆ ಗೋಡೆ ಹಿಡಿಯುತ್ತಿದ್ದೆ

ಜನವರಿಯಲ್ಲಿ ತೊಗರಿ ರಾಶಿ ಮುಗಿದಿತ್ತು. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ 50 ಕಿಲೋ ಚೀಲವೊಂದನ್ನು ಬಗ್ಗಿ ಎತ್ತಿದವನು ಹಾಗೆಯೇ ಟ್ರ್ಯಾಕ್ಟರ್ ಕಡೆ ಮೈ ತಿರುಗಿಸಿದೆ. ಟೊಂಕದಲ್ಲಿ ಚಳಕು ಹೊಡೆಯಿತು. ವರ್ಷವಿಡೀ ಕಲಬುರಗಿಯ ಧಾನ್ಯದ ಪೇಟೆಯಾದ ಗಂಜಿನ ಅಡತಿ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವ ಬೆನ್ನು ನನ್ನದು. ಚೀಲ ಎತ್ತುವ ರೂಢಿ ಅದಕ್ಕೆ ತಪ್ಪಿ ಎಷ್ಟೋ ಕಾಲವಾಗಿತ್ತು.

ಮೂರನೇ ದಿನ ಒಂದು ಸೀನು ಬಂತು. ಕಾದ ತಂತಿ ಎಳೆದ ಹಾಗೆ ನೋವು ಎಡ ಕುಂಡಿಯಿಂದ ಮೀನಖಂಡಕ್ಕೆ ಇಳಿದು ಹೆಬ್ಬೆರಳಲ್ಲಿ ಹೋಗಿ ನಿಂತಿತು. ಅವ್ವ ಗಾಬರಿಯಾದಳು. "ಕಾಲು ಮುಂದಾಗಿ ಹುಟ್ಟಿದವರ ಕಡಿಂದ ಒದಿಸಿದ್ರ ಟೊಂಕ ಬಿಡ್ತದಪ್ಪ" ಅಂದಳು. "ಬ್ಯಾಡವ್ವ, ಇದು ನರದ್ದದ" ಅಂದೆ.

ಟೊಂಕದ ಎಲ್4 ಮತ್ತು ಎಲ್5 ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರಕ್ಕೆ ಒತ್ತಿದೆ ಎಂದು ಎಂಆರ್‌ಐ ವರದಿ ಬಂತು. ಮೊದಲು ಹೋದ ಕಡೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಾಲನ್ನು ಮುಟ್ಟದೆಯೇ, ಈ ವಾರವೇ ಆಪರೇಷನ್ ಎಂದುಬಿಟ್ಟರು. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಎರಡನೆಯ ಡಾಕ್ಟರು ಫಿಲ್ಮ್ ಆಮೇಲೆ ನೋಡಿದರು. ಮೊದಲು ಅಂಗಾತ ಮಲಗಿಸಿ ಎಡಗಾಲನ್ನು ಮೊಣಕಾಲು ಮಡಚದೆ ಮೇಲೆತ್ತಿದರು, ಅರ್ಧಕ್ಕೇ ಚೀರಿದೆ. ಅವರ ಕೈಗೆ ಎದುರಾಗಿ ಹೆಬ್ಬೆರಳನ್ನು ಮೇಲೆತ್ತಲು ಹೇಳಿದರು. ಹಿಮ್ಮಡಿ ಮೇಲೆ ನಡೆಸಿದರು. ಆಮೇಲೆ ಹೇಳಿದರು: "ಕಾಲಿನ ಶಕ್ತಿ ಹೋಗಿಲ್ಲ. ಆರು ವಾರ ನೋಡೋಣು. ಉಚ್ಚಿ ನಿಂತ್ರ ಇಲ್ಲಾ ತಾನೇ ಹೋದ್ರ, ಕೂಡೋ ಜಾಗ ಜೋಮು ಹಿಡದ್ರ, ಪಾದ ಎತ್ತಲಿಕ್ಕೆ ಬರ್ಲಿಲ್ಲಂದ್ರ ರಾತ್ರಿ ಹನ್ನೆರಡಾಗಿರ್ಲಿ, ಸೀದಾ ದವಾಖಾನಿಗಿ ಬರ್ರಿ. ಆಗ ತಡ ಮಾಡಬಾರ್ದು." ಹೊರಗೆ ಬಂದ ಡಿಸ್ಕಿನ ತುಣುಕನ್ನು ಬಹಳ ಜನರಲ್ಲಿ ದೇಹವೇ ತಿಂಗಳುಗಟ್ಟಲೆ ಕರಗಿಸಿಕೊಳ್ಳುತ್ತದೆ, ನೋವೇ ಇಲ್ಲದವರ ಎಂಆರ್‌ಐಯಲ್ಲೂ ಇಂಥ ಉಬ್ಬು ಕಾಣುತ್ತದೆ ಎಂದರು. ಕೆಲವು ದಿನಕ್ಕೆ ಮಾತ್ರೆ ಕೊಟ್ಟರು. ಎರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬಾರದು ಎಂದರು. ಬೆನ್ನಿಗೆ ಸ್ಟಿರಾಯ್ಡ್ ಸೂಜಿಯ ಮಾತೂ ಬಂತು: ಅದು ಡಿಸ್ಕನ್ನು ಸರಿಮಾಡುವುದಿಲ್ಲ, ಕಾಲುನೋವನ್ನು ಕೆಲಕಾಲ ತಗ್ಗಿಸಬಹುದು, ತೀರಾ ತಡೆಯದಿದ್ದರೆ ನೋಡೋಣ. ನನಗೆ ಅದು ಬೇಕಾಗಲಿಲ್ಲ.

ಫಿಸಿಯೋಥೆರಪಿಯ ಮೊದಲ ದಿನವನ್ನು ಮರೆಯಲಾರೆ. ಅಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ನನ್ನನ್ನು ಬೋರಲು ಮಲಗಿಸಿದಳು. ರೆಕ್ಸಿನ್ ಹಾಸಿಗೆಗೆ ಕೆನ್ನೆ ಅಂಟಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಐದು ನಿಮಿಷ ಸುಮ್ಮನೆ, ಆಮೇಲೆ ಮೊಣಕೈ ಊರಿ, ಆಮೇಲೆ ಅಂಗೈ ಊರಿ ಎದೆ ಎತ್ತುವುದು, ಹತ್ತು ಸಲ. ಟೊಂಕದ ನೋವು ಏರಿತು. ಕೆಟ್ಟಿತು ಅಂದುಕೊಂಡೆ.

"ಹೆಬ್ಬೆರಳಿಂದು ಏನಾಯ್ತು ಅಣ್ಣಾ?"

ಗಮನಿಸಿದೆ. ಹೆಬ್ಬೆರಳಲ್ಲಿ ನೋವಿರಲಿಲ್ಲ. ಇನ್ನೂ ಹತ್ತು ಸಲ ಎದ್ದಾಗ ಮೀನಖಂಡ ಬಿಟ್ಟು ತೊಡೆಗೆ ಬಂದಿತ್ತು.

"ನೋವು ಕಾಲು ಬಿಟ್ಟು ಟೊಂಕದ ಕಡಿ ಬಂದ್ರ ಛಲೋ ಲಕ್ಷಣ. ಕೆಳಗ ಇಳೀಲಿಕತ್ರ ಅಲ್ಲೇ ನಿಲ್ಲಸ್ರಿ."

1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಬಳಿ ಬಂದ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿದ್ದ ಮೇಜಿನ ಮೇಲೆ ತಪ್ಪಿ ಬೋರಲು ಮಲಗಿದನಂತೆ. ಎದ್ದಾಗ ಅವನ ಕಾಲುನೋವು ಹೋಗಿತ್ತು. ಅದನ್ನು ನೋಡಿಯೇ ಈ ವ್ಯಾಯಾಮ ಹುಟ್ಟಿತು ಎಂದು ಅವಳೇ ಹೇಳಿದಳು. ಎಲ್ಲರಿಗೂ ಇದು ಹೊಂದುವುದಿಲ್ಲ ಎಂದೂ ಎಚ್ಚರಿಸಿದಳು. ನರದ ದಾರಿ ಕಿರಿದಾದ ಹಿರಿಯರಿಗೆ ಮುಂದೆ ಬಗ್ಗಿದರೇ ಆರಾಮ. ನಮ್ಮಣ್ಣ ಟೊಂಕ ಎಳೆಯಲು ತೂಕ ಕಟ್ಟುವ ಟ್ರಾಕ್ಷನ್ ಕಟ್ಟಿಸು ಅಂತ ಹಟ ಹಿಡಿದಿದ್ದ. ಅದರಿಂದ ದೊಡ್ಡ ಲಾಭ ಕಂಡಿಲ್ಲ, ನಡೀರಿ ಎಂದಳು.

ನಡೆದೆ. ಬಿಸಿಲು ಏರುವ ಮೊದಲೇ ಕಲಬುರಗಿಯ ಅಪ್ಪನ ಕೆರೆಯ ಬದಿಗೆ, ಮೊದಲ ವಾರ ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಅಂಗಡಿಯಲ್ಲಿ ಅರ್ಧ ತಾಸಿಗೊಮ್ಮೆ ಎದ್ದು ನಿಂತೆ. ಕೆಲವು ದಿನ ನೋವು ಮತ್ತೆ ಮೀನಖಂಡಕ್ಕೆ ಇಳಿಯಿತು, ಆಗ ನಡಿಗೆ ಕಡಿಮೆ ಮಾಡಿ ಬೋರಲು ಮಲಗುತ್ತಿದ್ದೆ.

ಮಾರ್ಚಿನಲ್ಲಿ ಒಂದು ದಿನ ಅವ್ವ ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಮೂಗಿಗೆ ಹೊಡೆಯಿತು. ರೂಢಿಯಂತೆ ಗೋಡೆ ಹಿಡಿದು, ಕಣ್ಣು ಮುಚ್ಚಿ ಸೀನಿದೆ. ಟೊಂಕದಲ್ಲಿ ಸಣ್ಣಗೆ ಚುಳ್ ಅಂತು. ಕಾಲಿಗೆ ಏನೂ ಇಳಿಯಲಿಲ್ಲ. "ಅವ್ವಾ, ಬಾ ಇಲ್ಲಿ" ಎಂದು ಕೂಗಿದೆ. ಅವಳು ಸಟ್ಟುಗ ಹಿಡಿದೇ ಓಡಿ ಬಂದಳು.