ಹೈಕ್ ಇಲ್ಲ, ಗಾಳಿ ಇದೆ

ಕಂಪನಿಯವ್ರನ್ನೆಲ್ಲ ಕೂರಿಸಿ ಮಾಡೋ ಈ ಸಲದ ಟೌನ್‌ಹಾಲ್ ಮೀಟಿಂಗಲ್ಲೂ ಹೆಡ್‌ವಿಂಡ್ಸ್ ಹೆಡ್‌ವಿಂಡ್ಸ್ (ಅಂದ್ರೆ ಎದುರುಗಾಳಿ) ಅಂತ ಕೇಳಿ ಕೇಳಿ ಸಾಕಾಯ್ತು ಗುರು. ಪಕ್ಕದಲ್ಲಿ ಕೂತಿದ್ದ ಹೊಸ ಹುಡುಗ ಮೆಲ್ಲಗೆ "ಅಣ್ಣ, ಹಂಗಂದ್ರೆ ಸಂಬಳದ ಹೈಕ್ ಇಲ್ಲ ಅಂತಾನಾ" ಅಂದ. ಬುದ್ಧಿವಂತ.

ವಿಮಾನದಲ್ಲಾದ್ರೆ ಇದು ನಿಜವಾದ ಲೆಕ್ಕ, ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಲ್ಲ, ಅದಕ್ಕೇ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗೋಕೆ 8 ಗಂಟೆ ಹತ್ರ ಹಿಡಿದ್ರೆ ವಾಪಸ್ ಬರೋಕೆ 7 ಸಾಕು. ಬಿಸಿನೆಸ್ಸಲ್ಲೂ ಹಂಗೇ, ಕಂಪನಿ ಕೈಲಿಲ್ಲದ ಕಾರಣಗಳು. ರೂಪಾಯಿ ಬಿದ್ರೆ ನಮ್ಮ ಐಟಿಯವ್ರಿಗೆ ಟೇಲ್‌ವಿಂಡ್ (ಹಿಂದಿನಿಂದ ತಳ್ಳೋ ಗಾಳಿ), ಯಾಕಂದ್ರೆ ಬಿಲ್ ಡಾಲರಲ್ಲಿ, ನಮ್ಮ ಸಂಬಳ ರೂಪಾಯಲ್ಲಿ. ಅಮೆರಿಕದ ಕ್ಲೈಂಟ್ ಬಜೆಟ್ ಕಟ್ ಮಾಡಿದ್ರೆ ಹೆಡ್‌ವಿಂಡ್, 2025ರ ಸೆಪ್ಟೆಂಬರಲ್ಲಿ ಅಲ್ಲಿ ಕೆಲಸ ಮಾಡೋಕೆ ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಫೀ ಹಾಕಿದ್ರಲ್ಲ, ಅದೂ ಹೆಡ್‌ವಿಂಡೇ. ಒಪ್ಕೊಳ್ಳೋಣ.

ಆದ್ರೆ 2021ರಲ್ಲಿ ಕೋವಿಡ್ ದೆಸೆಯಿಂದ ಜಗತ್ತೆಲ್ಲ ಆನ್‌ಲೈನ್‌ಗೆ ಓಡಿ ಬಂದು ಪ್ರಾಜೆಕ್ಟ್ ಮೇಲೆ ಪ್ರಾಜೆಕ್ಟ್ ಸುರೀತಿದ್ದಾಗ ಇದೇ ಸ್ಟೇಜ್ ಮೇಲೆ ಒಬ್ರೂ ಗಾಳಿ ಹೆಸ್ರು ಎತ್ತಿರ್ಲಿಲ್ಲ, ಆಗೆಲ್ಲ ಬರೀ ನಮ್ಮ ಸ್ಟ್ರಾಟಜಿ, ನಮ್ಮ ವಿಷನ್, ನಮ್ಮ ಲೀಡರ್‌ಶಿಪ್ಪು. ದುಡ್ಡು ಬಂದ್ರೆ ತಲೆ, ಬರದಿದ್ರೆ ಗಾಳಿ!

ಅಂದಹಾಗೆ ವಿಮಾನ ಟೇಕಾಫ್ ಆಗೋದೇ ಎದುರುಗಾಳಿಗೆ ಮುಖ ಮಾಡಿ, ಲಿಫ್ಟ್, ಅಂದ್ರೆ ಮೇಲೆತ್ತೋ ಬಲ, ಬೇಗ ಸಿಗುತ್ತೆ ಅಂತ. ಮುಂಗಾರಲ್ಲಿ ಪಶ್ಚಿಮದ ಗಾಳಿ ಜೋರಾಗಿರುವಾಗ ದೇವನಹಳ್ಳಿ ಏರ್‌ಪೋರ್ಟಲ್ಲಿ ನೋಡಿ, ಪಶ್ಚಿಮಕ್ಕೇ ಏರ್ತಾವೆ. ಇದನ್ನ ದಯವಿಟ್ಟು ನಮ್ಮ ಮ್ಯಾನೇಜ್‌ಮೆಂಟಿಗೆ ಯಾರೂ ಹೇಳ್ಬೇಡಿ, ಮುಂದಿನ ಕ್ವಾರ್ಟರ್ ಸ್ಲೈಡಲ್ಲಿ ಹಾಕ್ಬಿಡ್ತಾರೆ.