ಇಪ್ಪತ್ತು ಹೇಸರಗತ್ತೆಗಳ ಜಾಡಿನಲ್ಲಿ: ಡೆತ್ ವ್ಯಾಲಿಗೆ ಹೊರಟವರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮರುಭೂಮಿ ಡೆತ್ ವ್ಯಾಲಿಗೆ ಹೋದವರು ಸಾಮಾನ್ಯವಾಗಿ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಲ್ಲಿ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಹಿಂದಿನ ಸಲ ನಾವೂ ಅಷ್ಟೇ ಮಾಡಿದ್ದೆವು. ಈ ಫೆಬ್ರವರಿಯಲ್ಲಿ ಮಾತ್ರ ಬೇರೆ ಲೆಕ್ಕ ಹಾಕಿದೆವು. 1880ರ ದಶಕದಲ್ಲಿ ಇಲ್ಲಿಂದ ಬಿಳಿಗಾರ ಹೊತ್ತ ಗಾಡಿಗಳು ಮೊಹಾವೆ ಊರಿನ ರೈಲಿನವರೆಗೆ ಹೋಗುತ್ತಿದ್ದವಲ್ಲ, ಆ ಕಡೆಗೇ ಹೊರಟೆವು. ಬಿಳಿಗಾರ ಅಂದರೆ ಬೋರಾಕ್ಸ್. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿ ಪುಡಿ.

ಲಾಸ್ ವೇಗಸ್‌ನಿಂದ ಬೆಳಗಿನ ಆರಕ್ಕೇ ಹೊರಡಿ. ಪಾರಂಪ್‌ನಲ್ಲಿ ಪೆಟ್ರೋಲ್ ತುಂಬಿಸಿ, ಒಳಗೆ ಅದು ವಿಪರೀತ ದುಬಾರಿ. ಪಾರ್ಕ್ ಪ್ರವೇಶಕ್ಕೆ ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ಹೆಚ್ಚು ಕಡೆ ಸತ್ತೇ ಹೋಗುತ್ತದೆ.

ಮೊದಲು ನೋಡಬೇಕಾದದ್ದು ಹಾರ್ಮನಿ ಬೋರಾಕ್ಸ್ ವರ್ಕ್ಸ್, ಬಿಳಿಗಾರ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ. ಫರ್ನೇಸ್ ಕ್ರೀಕ್ ಪಕ್ಕದಲ್ಲೇ ಇದೆ. ನಡೆಯುವ ದಾರಿ ಅರ್ಧ ಮೈಲಿಯೂ ಇಲ್ಲ, ಟಾರು ಹಾಕಿದ್ದಾರೆ, ವಯಸ್ಸಾದವರಿಗೂ ತೊಂದರೆಯಿಲ್ಲ. ವಿಲಿಯಂ ಕೋಲ್‌ಮನ್ ಎಂಬ ವ್ಯಾಪಾರಿ ಇದನ್ನು 1883ರಿಂದ 1888ರವರೆಗೆ ನಡೆಸಿದ. ಬಯಲಿಂದ ಬಿಳಿಗಾರ ಬಾಚಿ ತಂದವರು ಚೀನೀ ಕೂಲಿಗಳು. ಬೇಸಿಗೆಯಲ್ಲಿ ಎಷ್ಟು ಬಿಸಿ ಅಂದರೆ ಬಿಳಿಗಾರ ಹಾಕಿ ಕುದಿಸಿದ ನೀರು ತಣಿಯದೆ ಹರಳೇ ಕಟ್ಟುತ್ತಿರಲಿಲ್ಲ, ಕೆಲಸ ನಿಲ್ಲಿಸಬೇಕಾಗುತ್ತಿತ್ತು.

ಅಲ್ಲಿ ನಿಂತಿರುವ ಗಾಡಿಯ ಪಕ್ಕ ನಿಮ್ಮವರೊಬ್ಬರನ್ನು ನಿಲ್ಲಿಸಿ ನೋಡಿ. ಹಿಂದಿನ ಚಕ್ರ ಏಳಡಿ. ನಾನು ಕೈ ಎತ್ತಿದರೆ ಅದರ ತುದಿ ಸಿಕ್ಕಿತು, ಅಷ್ಟೇ. ಇಂಥ ಎರಡು ಗಾಡಿ, ಅವುಗಳ ಹಿಂದೆ 1,200 ಗ್ಯಾಲನ್ ನೀರಿನ ಟ್ಯಾಂಕ್. ಎಲ್ಲ ಸೇರಿ ಸುಮಾರು 36 ಟನ್! ಎಳೆಯಲು ಇಪ್ಪತ್ತು ಪ್ರಾಣಿಗಳು. ನಿಜ ಹೇಳಬೇಕೆಂದರೆ ಹಲವು ಸಲ ಹದಿನೆಂಟು ಹೇಸರಗತ್ತೆ, ಗಾಡಿಗೆ ಹತ್ತಿರ ಎರಡು ಕುದುರೆ.

ನಡೆಸುವವರು ಇಬ್ಬರೇ ಜನ. ಒಬ್ಬ ಸಾರಥಿ, ಒಬ್ಬ ಸಹಾಯಕ. ಅಷ್ಟು ಪ್ರಾಣಿಗಳಿಗೆ ಜೋಡಿಗೊಂದು ಲಗಾಮು ಇರಲಿಲ್ಲ. ಮುಂದಿನ ಜೋಡಿಯವರೆಗೆ ಚಾಚಿದ, ನೂರಡಿಗೂ ಉದ್ದದ ಒಂದೇ ಹಗ್ಗ. ಸಮನಾಗಿ ಎಳೆದರೆ ಎಡಕ್ಕೆ, ಜಗ್ಗಿ ಜಗ್ಗಿ ಬಿಟ್ಟರೆ ಬಲಕ್ಕೆ. ನನಗೆ ತಲೆ ತಿರುಗಿಸಿದ್ದು ತಿರುವಿನ ವಿಷಯ. ಬೆಟ್ಟದ ತಿರುವಿನಲ್ಲಿ, ಜೋಡಿಗಳ ನಡುವೆ ಗಾಡಿಯವರೆಗೆ ಹಾದುಹೋಗುವ ಸರಪಳಿ ನೇರವಾಗಿ ಎಳೆದುಕೊಂಡರೆ ಗಾಡಿ ಒಳಬದಿಗೆ ಜಾರಿ ಹೋಗುತ್ತದೆ, ಅಲ್ವಾ? ಅದಕ್ಕೆ ನಡುವಿನ ಜೋಡಿಗಳು ಸರಪಳಿಯ ಮೇಲೆ ಹಾರಿ ಆಚೆ ನಿಂತು, ಅಡ್ಡಡ್ಡ ಹೆಜ್ಜೆ ಹಾಕುತ್ತ ಹೊರಕ್ಕೆ ಎಳೆಯುತ್ತಿದ್ದವು. ತಿರುವು ಮುಗಿದ ಮೇಲೆ ಮತ್ತೆ ಹಾರಿ ಸ್ವಸ್ಥಾನಕ್ಕೆ. ಎರಡು ಎತ್ತುಗಳನ್ನು ಗದ್ದೆಯ ಬದುವಿನಲ್ಲಿ ತಿರುಗಿಸುವ ಕಷ್ಟ ಕಂಡವರಿಗೆ ಇದು ಏನೆಂದು ಗೊತ್ತಾಗುತ್ತದೆ. ಸಹಾಯಕನದು ಅಡುಗೆ, ಸೌದೆ, ಇಳಿಜಾರಿನಲ್ಲಿ ಹಿಂದಿನ ಗಾಡಿಯ ಬ್ರೇಕ್. ದಿನಕ್ಕೆ ಹದಿನಾರು, ಹದಿನೇಳು ಮೈಲಿ. 165 ಮೈಲಿಗೆ ಹತ್ತು ದಿನ. ವಾಪಸ್ ಬರುವಾಗ ಮೇವು ತಂದು ದಾರಿಯ ಬಿಡಾರಗಳಲ್ಲಿ ಇಳಿಸುತ್ತ ಬರುತ್ತಿದ್ದರು, ಮುಂದಿನ ಸಲಕ್ಕೆ.

ಈ ಕಸುಬಿನಲ್ಲಿ ಎಲ್ಲವೂ ನೀರಿನ ಲೆಕ್ಕ. ಅದನ್ನು ಬೋರ್ಡಿನಲ್ಲಿ ಓದುತ್ತಿದ್ದ ಹೊತ್ತಿಗೆ ನಮ್ಮ ಕಾರಿನಲ್ಲಿ ಇದ್ದದ್ದು ನಾಲ್ಕು ಬಾಟಲಿ, ಅದರಲ್ಲಿ ಒಂದು ಅರ್ಧ. ಫೆಬ್ರವರಿ ತಾನೇ ಎಂದಿದ್ದೆ. ಮಧ್ಯಾಹ್ನಕ್ಕೆ ಮಗನಿಗೆ ತಲೆನೋವು ಶುರುವಾಯಿತು, ಹೆಂಡತಿ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ತಲೆಗೆ ನಾಲ್ಕು ಲೀಟರ್ ಇಟ್ಟುಕೊಳ್ಳಿ, ಕಾರಿಗೂ ಸ್ವಲ್ಪ. ನವೆಂಬರ್‌ನಿಂದ ಮಾರ್ಚ್ ಒಳಗೇ ಹೋಗಿ. 1913ರ ಜುಲೈನಲ್ಲಿ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ.

ಟ್ವೆಂಟಿ ಮ್ಯೂಲ್ ಟೀಮ್ ಕ್ಯಾನ್ಯನ್ ಎಂಬ ಮಣ್ಣಿನ ರಸ್ತೆಯೂ ಇದೆ, 2.7 ಮೈಲಿ, ಒಂದೇ ದಿಕ್ಕು. ಹಳದಿ ಗುಡ್ಡಗಳು ಚೆನ್ನಾಗಿವೆ, ಹೋಗಿ. ಆದರೆ ಹೆಸರು ನಂಬಿಕೊಂಡು ಹೋಗಬೇಡಿ, ಆ ಗಾಡಿಗಳು ಈ ಕಡೆ ಬಂದದ್ದೇ ಅನುಮಾನ. ಮಳೆ ಬಂದ ಮೇಲೆ ರಸ್ತೆ ಮುಚ್ಚಿರಬಹುದು, ವಿಸಿಟರ್ ಸೆಂಟರಿನಲ್ಲಿ ಕೇಳಿ.

ಹಳೆಯ ದಾರಿ ವಿಂಗೇಟ್ ಪಾಸ್ ಮೂಲಕ ಹೋಗುತ್ತಿತ್ತು. ಅದೀಗ ನೌಕಾಪಡೆಯ ಜಾಗದಲ್ಲಿದೆ, ಬಿಡುವುದಿಲ್ಲ. ನಾವು ಟ್ರೋನಾ, ರಿಜ್‌ಕ್ರೆಸ್ಟ್ ಮೇಲೆ ಬಂದೆವು. ನಿಲ್ಲುತ್ತ ಬಂದರೆ ಅರ್ಧ ದಿನ ಬೇಕು. ಹಗಲಲ್ಲೇ ದಾಟಿ. ಬೋರಾನ್ ಊರಿನಲ್ಲಿ ಬೋರಾಕ್ಸ್ ಗಣಿ ಇದೆ, ಮೇಲಿಂದ ಆ ಗುಂಡಿ ನೋಡಿದರೆ ಹಾರ್ಮನಿ ಆಟಿಕೆಯಂತೆ ಅನಿಸುತ್ತದೆ.

ಮೊಹಾವೆ ತಲುಪಿದಾಗ ಸಂಜೆ ಐದು. ಊರಲ್ಲಿ ನೋಡಲು ಜಾಸ್ತಿ ಏನಿಲ್ಲ. ರೈಲು ಹಳಿ ಪಕ್ಕ ಕಾರು ನಿಲ್ಲಿಸಿ, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದೆವು. ಒಂದು ಗೂಡ್ಸ್ ಬಂತು. ಮಗ ಬೋಗಿ ಎಣಿಸಲು ಶುರು ಮಾಡಿದ, ಎಂಬತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.